ನಿರ್ದೋಷ ಫಲಕ

ನಮ್ಮೂರಿನ ಹಿತ್ತಲುಗಳಲ್ಲಿ ಇಷ್ಟು ವರ್ಷ ಹಕ್ಕಿಗಳು ಉಳಿದುಕೊಂಡಿದ್ದುದು ನಮ್ಮ ಜನರ ಹೊಟ್ಟೆಕಿಚ್ಚಿನಿಂದ. ಬೇರೆ ಊರಿನವರಿಗೆ ಈ ಮಾತು ಹೇಳಿದರೆ ನಗುತ್ತಾರೆ. ನಗಲಿ. ಅವರ ಊರಿನಲ್ಲಿ ಹಕ್ಕಿಯ ಫೋಟೊ ತೆಗೆದರೆ ಏನಾಗುತ್ತದೋ ನನಗೆ ಗೊತ್ತಿಲ್ಲ. ನಮ್ಮೂರಿನಲ್ಲಿ ಮಾತ್ರ, ಒಂದು ಹಕ್ಕಿಯ ಫೋಟೊ ನೋಡಿ ಸಂಘದವರೆಲ್ಲ ಒಕ್ಕೊರಲಿನಿಂದ ‘ದೋಷವಿಲ್ಲ’ ಎಂದುಬಿಟ್ಟರೆ, ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಹಕ್ಕಿ ಊರು ಬಿಡುತ್ತದೆ. ಮತ್ತೆ ಬರುವುದಿಲ್ಲ. ಒಬ್ಬನಾದರೂ ಎದ್ದು ನಿಂತು ಒಂದು ದೋಷ ಹೇಳಿದರೆ, ಆ ದೋಷ ನಿಜವೂ ಆಗಿದ್ದರೆ, ಉಳಿಯುತ್ತದೆ.

ಸಂಘವೆಂದರೆ ಹಿತ್ತಲ ಹಕ್ಕಿ ಛಾಯಾಗ್ರಾಹಕರ ಸಂಘ. ಹಿಟ್ಟಿನ ಗಿರಣಿಯ ಮೇಲಿನ ಹಾಲಿನಲ್ಲಿ ಪ್ರತಿ ಭಾನುವಾರ ನಾಲ್ಕು ಗಂಟೆಗೆ ಸೇರುತ್ತೇವೆ. ಕುರ್ಚಿಗಳ ಮೇಲೆ ಸದಾ ಹಿಟ್ಟು ಕೂತಿರುವುದರಿಂದ ಬುದ್ಧಿವಂತರು ಬಿಳಿ ಪಂಚೆಯಲ್ಲೇ ಬರುತ್ತಾರೆ. ಮೊದಲಿನಿಂದಲೂ ಅಲ್ಲೊಂದು ಪದ್ಧತಿ ಇತ್ತು: ಪರದೆಯ ಮೇಲಿನ ಫೋಟೊಗೆ ಒಂದು ದೋಷ ಹೇಳಿದವರಿಗೆ ಮಾತ್ರ ಬೋಂಡ. ಬೋಂಡದ ಆಸೆಯೋ, ಇನ್ನೊಬ್ಬನ ಏಳ್ಗೆ ಸಹಿಸದ ಗುಣವೋ, ನಲವತ್ತು ವರ್ಷದಲ್ಲಿ ಯಾರೂ ದೋಷ ಕಾಣದಂಥ ಫೋಟೊ ತೆಗೆದು ಹಾಲಿನ ಗೋಡೆಯ ನಿರ್ದೋಷ ಫಲಕದ ಮೇಲೆ ಹೆಸರು ಬರೆಸಿಕೊಂಡವರು ಹನ್ನೊಂದೇ ಜನ. ಮೊದಲನೆಯ ಹೆಸರು ನಮ್ಮ ಅಧ್ಯಕ್ಷರಾದ ಮುಕುಂದರಾಯರದು. ಮೂವತ್ತು ವರ್ಷದ ಹಿಂದೆ ಅವರು ತಮ್ಮ ಹಿತ್ತಲಿನ ಮಡಿವಾಳ ಹಕ್ಕಿಯನ್ನು ತೆಗೆದಿದ್ದರು. ಆ ಹಕ್ಕಿ ದಿನಾ ಬೆಳಗಾಗುವ ಮೊದಲೇ ಸಿಳ್ಳೆ ಹಾಕಿ ಅವರನ್ನು ಎಬ್ಬಿಸುತ್ತಿತ್ತಂತೆ. ಈಗ ಅಲಾರಂ ಇಟ್ಟುಕೊಳ್ಳುತ್ತಾರೆ.

ನಾನು ಚಂದ್ರಮೌಳಿ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇನ್ಸ್‌ಪೆಕ್ಟರಾಗಿದ್ದೆ. ಅಂಗಡಿಯ ಮುಂದೆ ನಿಂತರೆ ಸಾಕು, ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದ್ದರೂ ಕಣ್ಣಿಗೆ ಬೀಳುತ್ತಿತ್ತು. ನಿವೃತ್ತನಾದ ಮೇಲೆ ಆ ಕಣ್ಣನ್ನು ಏನು ಮಾಡುವುದು? ಮನೆಯಲ್ಲಿ ಸಾರಿನ ಮೇಲೂ ಸಂಘದಲ್ಲಿ ಹಕ್ಕಿಗಳ ಮೇಲೂ ಬಿಟ್ಟೆ. ಹೆಂಡತಿ ವಾರಿಜ ಸಾರು ಬಡಿಸಿದರೆ ನಾನು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ‘ಉಪ್ಪು ಒಂದು ಹರಳು ಕಡಿಮೆ’ ಎನ್ನುತ್ತಿದ್ದೆ. ಎರಡು ಹರಳು ಎಂದು ಯಾವತ್ತೂ ಹೇಳಿದವನಲ್ಲ. ಅಳತೆಯಲ್ಲಿ ನಾನು ಪ್ರಾಮಾಣಿಕ.

ಸಂಘದ ನಿಯಮಾವಳಿ ಬರೆದವನೂ ನಾನೇ. ಅದರಲ್ಲಿ ನಾಲ್ಕನೆಯದು ನನ್ನ ಹೆಮ್ಮೆಯ ನಿಯಮ: ‘ಚಿತ್ರಕ್ಕೆ ಸಂಬಂಧವಿಲ್ಲದ ಯಾವುದೇ ವಸ್ತುವು ಚೌಕಟ್ಟಿನೊಳಗೆ ಇರತಕ್ಕದ್ದಲ್ಲ.’ ಈ ಒಂದು ನಿಯಮದ ಬಲದಿಂದ ನಾನು ಪ್ಲಾಸ್ಟಿಕ್ ಬಕೆಟ್ಟುಗಳನ್ನೂ, ಒಣಹಾಕಿದ ಲುಂಗಿಗಳನ್ನೂ, ಹಿನ್ನೆಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ಮುಕುಂದರಾಯರ ಅತ್ತೆಯನ್ನೂ ದೋಷವೆಂದು ಸಾಬೀತು ಮಾಡಿದ್ದೇನೆ. ನನಗೆ ಸರಿಸಮನೆಂದರೆ ಟೈಲರ್ ದಸ್ತಗೀರ್ ಒಬ್ಬನೇ. ಎಲೆ ಹೊಲಿದು ಗೂಡು ಕಟ್ಟುವ ಸಿಂಪಿಗನ ಫೋಟೊ ಬಂದರೆ ಅವನು ಹಕ್ಕಿಯನ್ನು ನೋಡುತ್ತಲೇ ಇರಲಿಲ್ಲ. ‘ಹೊಲಿಗೆ ಸರಿ ಇಲ್ಲ ಸಾರ್, ಎಳೆ ಬಿಟ್ಟದೆ’ ಎಂದು ಬೋಂಡಕ್ಕೆ ಕೈ ಹಾಕುತ್ತಿದ್ದ. ಹೀಗೆ ಒಬ್ಬರ ಕಾಲು ಒಬ್ಬರು ಎಳೆದುಕೊಂಡು ಊರು ಸುಖವಾಗಿತ್ತು. ಬೆಳಿಗ್ಗೆ ಎದ್ದರೆ ಕಿವಿ ತೂತಾಗುವಷ್ಟು ಹಕ್ಕಿಗಳಿದ್ದವು.

ಆಗ ಬಂದ ಪ್ರಫುಲ್ಲಚಂದ್ರ. ಎಲ್ಲೋ ದೊಡ್ಡ ಊರಿನಲ್ಲಿ ವ್ಯಕ್ತಿತ್ವ ವಿಕಸನದ ತರಬೇತಿ ಕೊಡುತ್ತಿದ್ದವನು, ಹೆಂಡತಿಯ ತವರೆಂದು ಇಲ್ಲಿಗೆ ಬಂದು ನೆಲೆಸಿದ. ಬಂದ ಮೂರೇ ವಾರಕ್ಕೆ ಸಂಘದ ಕಾರ್ಯದರ್ಶಿಯಾದ. ಮೊದಲ ಸಭೆಯಲ್ಲೇ ನಮ್ಮ ಮಾತು ಕೇಳಿ ಅವನಿಗೆ ಎದೆನೋವು ಬಂದಂತಾಯಿತಂತೆ.

‘ದೋಷ ಹುಡುಕೋದು ಒಂದು ಕಾಯ್ಲೆ ಸಾರ್,’ ಎಂದ. ‘ಇನ್ಮೇಲೆ ಪ್ರತಿಯೊಬ್ರೂ ಎರಡು ಒಳ್ಳೇ ಮಾತು ಹೇಳ್ಬೇಕು. ಆಮೇಲೆ ಬೋಂಡ ತಿನ್ನಿ, ನಾನು ಬೇಡ ಅನ್ನಲ್ಲ.’

‘ಎಲ್ಲಾರೂ ಒಳ್ಳೇದೇ ಹೇಳುದ್ರೆ ಹಕ್ಕಿ ಹೊಂಟೋಯ್ತದಲ್ಲ ಸಾರ್?’ ಎಂದು ದಸ್ತಗೀರ್ ಕೇಳಿದ.

‘ಹೋಗೋದು ಅಂತ ಯಾಕೆ ಅಂದ್ಕೊತೀರಿ? ಅದು ಹಕ್ಕಿಗೆ ಪದವಿ ಪ್ರದಾನ!’

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕೈಗೆ ಅಂಟಿದ್ದ ಹಿಟ್ಟು ಹಾರಿ ಹಾಲಿನಲ್ಲಿ ಮಂಜು ಮುಸುಕಿದಂತಾಯಿತು. ಹೊಸ ಕಾನೂನು ಜಾರಿಗೆ ಬಂತು. ರುಂಡ ಮುಂಡ ಬೇರೆಯಾದಂಥ, ಯಾರೂ ಅಲ್ಲವೆನ್ನಲಾಗದ ದೋಷವಿದ್ದರೆ ಮಾತ್ರ ಹೇಳಬಹುದು. ಸಣ್ಣಪುಟ್ಟ ದೋಷ ಹೇಳಿ ಸದಸ್ಯರ ಮನಸ್ಸು ನೋಯಿಸಿದರೆ ಎಚ್ಚರಿಕೆ. ಮೂರು ಎಚ್ಚರಿಕೆಯಾದರೆ ಸಂಘದಿಂದ ಹೆಸರು ಕಿತ್ತುಹಾಕುವುದು. ಸುಮ್ಮನೆ ಕೂತರೆ ಒಪ್ಪಿಗೆಯೆಂದೇ ಅರ್ಥ.

ನಾಲ್ಕು ತಿಂಗಳಲ್ಲಿ ಇಪ್ಪತ್ತಮೂರು ಹಕ್ಕಿಗಳು ಪದವಿ ಪಡೆದವು. ಫಲಕದಲ್ಲಿ ಜಾಗ ಸಾಲದೆ ಬಡಗಿಗೆ ಇನ್ನೊಂದು ಮಾಡಲು ಹೇಳಿದರು. ಊರು ಹೊಂದಿಕೊಂಡಿತು, ಊರಿಗೆ ಅದೊಂದು ಚೆನ್ನಾಗಿ ಗೊತ್ತು. ಹಿತ್ತಲು ನಿಶ್ಶಬ್ದವಾಗಿರುವುದು ದೊಡ್ಡಸ್ತಿಕೆಯ ಗುರುತಾಯಿತು. ಮದುವೆ ಮನೆಗಳಲ್ಲಿ ಹೆಂಗಸರು, ‘ನಮ್ಮನೇಲಿ ಒಂದೇ ಒಂದು ಪಿಕಳಾರನೂ ಉಳಿದಿಲ್ಲ ಗೊತ್ತಾ’ ಎಂದು ಸೆರಗು ಸರಿಮಾಡಿಕೊಂಡರು. ಹೆಣ್ಣು ಕೊಡುವವರು ಹುಡುಗನ ಮನೆಯ ಹೆಸರು ಫಲಕದಲ್ಲಿದೆಯೇ ಎಂದು ವಿಚಾರಿಸಿದರು. ಹಕ್ಕಿಯಿಲ್ಲದ ಕರಿಬೇವಿನ ಗಿಡಗಳಿಗೆ ಕಂಬಳಿಹುಳು ಹತ್ತಿತು. ಗಂಡಂದಿರು ಸಂಘದಲ್ಲಿ ಶಾಲು ಹೊದಿಸಿಕೊಳ್ಳುತ್ತಿದ್ದರೆ ಹೆಂಡತಿಯರು ಇಕ್ಕಳ ಹಿಡಿದು ಹುಳು ಆರಿಸುತ್ತಿದ್ದರು. ಕ್ಯಾಮೆರಾ ಇಲ್ಲದ ಬಡಪಾಯಿಗಳು ಪಕ್ಕದವರ ಲೆನ್ಸಿನ ಕಣ್ಣು ಬೀಳದಿರಲೆಂದು ಸೀಬೆಮರಗಳಿಗೆ ಹಳೆಯ ಬೆಡ್‌ಶೀಟು ಸುತ್ತಿದರು.

ನಾನೇನು ಮಾಡುತ್ತಿದ್ದೆ ಎಂದು ಕೇಳಬಹುದು. ಮೊದಲ ತಿಂಗಳು ಎರಡು ದೋಷ ಹೇಳಿದೆ. ಒಂದು ಪಿಕಳಾರದ ಜುಟ್ಟು ಮಸುಕಾಗಿತ್ತು, ಒಂದು ಗುಬ್ಬಿಯ ಬೆನ್ನ ಹಿಂದಿನ ಕೊಂಬೆ ತಲೆಗೆ ಕೊಂಬು ಮೂಡಿದಂತೆ ಕಾಣುತ್ತಿತ್ತು. ಎರಡೂ ನಿಜ, ಎರಡೂ ಹಕ್ಕಿ ಉಳಿದವು, ನನಗೆ ಎರಡು ಎಚ್ಚರಿಕೆಯಾಯಿತು. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡೆ. ಸುಳ್ಳೇಕೆ ಹೇಳಲಿ, ನನಗೆ ಸಂಘ ಬೇಕಿತ್ತು. ವಾರಕ್ಕೆ ಒಂದು ದಿನ ನಾನು ಯಾರೋ ಒಬ್ಬ ದೊಡ್ಡ ಮನುಷ್ಯ ಎನ್ನಿಸುತ್ತಿದ್ದುದು ಆ ಹಿಟ್ಟಿನ ಕುರ್ಚಿಯ ಮೇಲೆ ಮಾತ್ರ. ಹಾಗಾಗಿ ಕಣ್ಣಿಗೆ ಕಂಡ ದೋಷಗಳನ್ನೆಲ್ಲ ನುಂಗಿಕೊಂಡು ಕೂತೆ. ಪ್ರತಿ ಭಾನುವಾರ ಮನೆಗೆ ನಡೆದು ಬರುವಾಗ ಯಾರದೋ ಹಕ್ಕಿ ತಲೆಯ ಮೇಲೆ ಹಾರಿ ಊರಾಚೆ ಹೋಗುವುದು ಕಾಣುತ್ತಿತ್ತು. ನಾಚಿಕೆಯಾಗುತ್ತಿತ್ತು. ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದೆ.

ಈ ನಡುವೆ ದಸ್ತಗೀರ್ ಒಂದು ಉಪಾಯ ಮಾಡಿದ. ಅವನ ಹೆಂಡತಿ ಅಕ್ಕಿನುಚ್ಚು ಹಾಕಿ ಹಚ್ಚಿಕೊಂಡಿದ್ದ ಒಂದು ರಾಟವಾಳ ಹಕ್ಕಿಯನ್ನು ಉಳಿಸಲು ಬೇಕೆಂದೇ ಲೆನ್ಸಿಗೆ ಹೆಬ್ಬೆಟ್ಟು ಅಡ್ಡ ಹಿಡಿದು ತೆಗೆದ. ಪ್ರಫುಲ್ಲಚಂದ್ರ ಅದನ್ನು ‘ಕಲಾತ್ಮಕ ನೆರಳು’ ಎಂದ, ಹಕ್ಕಿ ಹೋಯಿತು. ಮುಂದಿನ ವಾರ ಇನ್ನೊಂದು ರಾಟವಾಳ ತೆಗೆಯುವಾಗ ದಸ್ತಗೀರನಿಗೆ ಸೀನು ಬಂದು ಹಕ್ಕಿಯ ತಲೆಯೇ ಹಾರಿಹೋಗಿ ಬರೀ ಹೊಟ್ಟೆಯ ಫೋಟೊ ಬಂತು. ಪ್ರಫುಲ್ಲಚಂದ್ರ ಉಗುಳು ನುಂಗಿ, ಇದು ದೋಷವೇ ಎಂದು ಒಪ್ಪಿದ. ಆ ರಾಟವಾಳ ಇವತ್ತಿಗೂ ಅವನ ಅಂಗಡಿಯ ಮುಂದಿದೆ. ಅಲ್ಲಿಗೆ ನಮಗೆ ಒಂದು ವಿಷಯ ತಿಳಿಯಿತು: ಬೇಕೆಂದು ಕೆಡಿಸಿದರೆ ಪ್ರಯೋಜನವಿಲ್ಲ, ಮನಸ್ಸಿಟ್ಟು ತೆಗೆದೂ ಕೆಟ್ಟಿರಬೇಕು.

ನಮ್ಮ ಹಿತ್ತಲಿನಲ್ಲಿ ಆಗ ಸೂರಕ್ಕಿ ಗೂಡು ಕಟ್ಟಿತ್ತು. ಬಟ್ಟೆ ಒಣಹಾಕುವ ತಂತಿಗೆ, ಒಗೆಯುವ ಕಲ್ಲಿನಿಂದ ಕೈಯಳತೆಯಲ್ಲಿ, ಜೇಡರ ಬಲೆಯನ್ನೂ ತೆಂಗಿನ ನಾರನ್ನೂ ಸೇರಿಸಿ ಎಲೆಯಡಿಕೆ ಚೀಲದ ಹಾಗೆ ಜೋತುಬಿಟ್ಟಿತ್ತು. ಒಳಗೆ ಎರಡು ಮರಿ. ವಾರಿಜ ಆ ತಂತಿಗೆ ಬಟ್ಟೆ ಹಾಕುವುದನ್ನೇ ಬಿಟ್ಟಿದ್ದಳು. ಒದ್ದೆ ಪಂಚೆ, ಸೀರೆಗಳೆಲ್ಲ ನಡುಮನೆಯ ಕುರ್ಚಿಗಳ ಮೇಲೆ ಒಣಗುತ್ತಿದ್ದವು. ಬಟ್ಟೆ ಒಗೆಯುತ್ತ ಅವಳು ತಾಯಿ ಹಕ್ಕಿಯ ಜೊತೆ ಮಾತಾಡುತ್ತಿದ್ದಳು. ತಂಗಿಯ ಮಗಳ ಬಾಣಂತನ, ಮಂಡಿನೋವು, ಹಾಲಿನವನ ನೀರು, ಎಲ್ಲವನ್ನೂ. ನಮ್ಮ ಮನೆಯಲ್ಲಿ ಅವಳ ಮಾತನ್ನು ಪೂರ್ತಿ ಕೇಳುವ ಜೀವ ಅದೊಂದೇ. ನನಗೆ ಹೇಳಿದರೆ ನಾನು ನಡುವೆ ತಿದ್ದುತ್ತಿದ್ದೆ.

ಎರಡು ಭಾನುವಾರ ಫೋಟೊ ಕೊಡದಿದ್ದರೂ ಸಂಘದಿಂದ ಹೊರಗೆ; ಮನೆಯವರು ಯಾರು ತೆಗೆದದ್ದಾದರೂ ನಡೆಯುತ್ತಿತ್ತು. ನಾನು ಒಂದು ಭಾನುವಾರ ತಪ್ಪಿಸಿಯಾಗಿತ್ತು. ಹಿತ್ತಲಿನಲ್ಲಿ ಇದ್ದದ್ದು ಸೂರಕ್ಕಿ ಮಾತ್ರ. ನನ್ನ ಕ್ಯಾಮೆರಾದಲ್ಲಿ ಅದರ ಮೂವತ್ತನಾಲ್ಕು ಫೋಟೊಗಳಿದ್ದವು, ನನ್ನ ದೃಷ್ಟಿಯಲ್ಲಿ ಒಂದೊಂದೂ ಅಪಾಯವೆನ್ನುವಷ್ಟು ಚೆನ್ನಾಗಿದ್ದವು. ಅವನ್ನು ಕೊಟ್ಟರೆ ತಾಯಿ ಹೋಗುತ್ತದೆ, ಮರಿಗಳು ಸಾಯುತ್ತವೆ. ಆಗ ನನಗೆ ಬುದ್ಧಿ ಹೊಳೆಯಿತು.

‘ವಾರಿಜ, ನಿನ್ನ ಮೊಬೈಲಲ್ಲಿ ಸೂರಕ್ಕಿದು ಒಂದು ಫೋಟೊ ತೆಗಿ.’

‘ನಂಗೆಲ್ಲಿ ಬರುತ್ತೆ?’

‘ಅದಕ್ಕೇ ತೆಗಿ ಅಂದಿದ್ದು. ಆದ್ರೆ ಬೇಕಂತ ಕೆಡಿಸ್ಬೇಡ. ಚೆನ್ನಾಗಿ ಬರ್ಲಿ ಅಂತ್ಲೇ ತೆಗಿ. ನೀನು ಚೆನ್ನಾಗಿ ತೆಗೆದ್ರೆ ಸಾಕು, ಹಕ್ಕಿ ಉಳಿಯುತ್ತೆ.’

ಆ ಮಾತಿನ ಅರ್ಥ ಅವಳಿಗೆ ಆಗಲಿಲ್ಲವೆಂದಲ್ಲ. ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ, ಒದ್ದೆ ಕೈ ಒರೆಸಿಕೊಂಡು, ಒಗೆಯುವ ಕಲ್ಲಿನ ಪಕ್ಕ ನಿಂತು ಮೊಬೈಲ್ ಎತ್ತಿದಳು. ಹಕ್ಕಿ ಅವಳನ್ನು ನೋಡಿ ಹೆದರಲಿಲ್ಲ, ದಿನವೂ ಕಂಡ ಮುಖ. ನಾನು ಅವಳ ಹಿಂದೆ ನಿಂತು, ಕೈ ಅಲುಗಬಾರದು, ಎಡಕ್ಕೆ ಬಾ, ಉಸಿರು ಬಿಗಿಹಿಡಿ, ಅಷ್ಟು ಹತ್ತಿರ ಹೋಗಬೇಡ ಎಂದು ಒಂದೇ ಸಮನೆ ಹೇಳುತ್ತಿದ್ದೆ. ಅವಳು ಒಂದು ಸಲ ಒತ್ತಿದಳು. ನಾನು ಮೊಬೈಲ್ ಇಸಿದುಕೊಂಡು ಅದನ್ನು ಹಾಗೇ ಪ್ರಫುಲ್ಲಚಂದ್ರನಿಗೆ ಕಳಿಸಿದೆ. ತೆರೆದು ನೋಡುವ ಅಗತ್ಯ ಕಾಣಲಿಲ್ಲ. ವಾರಿಜ ತೆಗೆದ ಫೋಟೊದಲ್ಲಿ ದೋಷವಿರುತ್ತದೆಯೇ ಎಂದು ಪರೀಕ್ಷಿಸುವುದು ಸಮುದ್ರದ ನೀರು ಉಪ್ಪಾಗಿದೆಯೇ ಎಂದು ನೆಕ್ಕಿ ನೋಡಿದ ಹಾಗೆ ಎಂದುಕೊಂಡೆ.

ಫೋಟೊ ತೆಗೆದವರು ಸಭೆಯಲ್ಲಿ ಗೋಡೆಗಡಿಯಾರದ ಕೆಳಗಿನ ಕುರ್ಚಿಯಲ್ಲಿ ಕೂರಬೇಕು, ತೀರ್ಮಾನವಾಗುವವರೆಗೆ ತುಟಿ ಬಿಚ್ಚಬಾರದು. ಭಾನುವಾರ ವಾರಿಜ ಇಸ್ತ್ರಿಯ ಸೀರೆ ಉಟ್ಟು, ಕನಕಾಂಬರ ಮುಡಿದು, ಬಂದು ಕೂತಳು. ದಸ್ತಗೀರ್ ಕಿಟಕಿಯ ಪರದೆ ಎಳೆದ. ಪ್ರಫುಲ್ಲಚಂದ್ರ ಪ್ರೊಜೆಕ್ಟರ್ ಹಾಕಿದ.

ಗೂಡಿನ ಬಾಯಿಯಲ್ಲಿ ತಾಯಿ ಸೂರಕ್ಕಿ ತೂಗಾಡುತ್ತಿತ್ತು. ಕೊಕ್ಕಿನಲ್ಲಿ ಒಂದು ಜೇಡ, ಅದರ ಎಂಟು ಕಾಲುಗಳನ್ನೂ ಎಣಿಸಬಹುದಿತ್ತು. ಎದೆಯ ಹಳದಿ ಅರಿಶಿನದ ನೀರಿನಷ್ಟು ತಿಳಿ. ಗೂಡಿನೊಳಗಿನಿಂದ ಎರಡು ಪುಟ್ಟ ಬಾಯಿಗಳು ಅಗಲವಾಗಿ ತೆರೆದಿದ್ದವು. ಹಿಂದೆ ನಮ್ಮ ಹಿತ್ತಲಿನ ಗೋಡೆ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ, ಬರೀ ಹಸಿರು ಬೆಳಕು. ನಲವತ್ತು ವರ್ಷದಲ್ಲಿ ಆ ಪರದೆ ಅಂಥದ್ದನ್ನು ಕಂಡಿರಲಿಲ್ಲ.

ಮುಕುಂದರಾಯರು ಕನ್ನಡಕ ತೆಗೆದು ಒರೆಸಿಕೊಂಡು, ‘ದೋಷವಿಲ್ಲ ತಾಯಿ,’ ಎಂದರು. ಅದು ಹೊಸ ಕಾನೂನಿನ ಹೊಗಳಿಕೆ ಆಗಿರಲಿಲ್ಲ, ನಿಜವಾಗಿ ಬಂದ ಮಾತು. ಒಬ್ಬೊಬ್ಬರೇ ಹೇಳುತ್ತ ಬಂದರು. ನಮ್ಮ ಮನೆಯ ಗೂಡಿನ ವಿಷಯ ಗೊತ್ತಿದ್ದ ದಸ್ತಗೀರ್ ಪರದೆಯ ಹತ್ತಿರ ಹೋಗಿ, ಗೂಡಿನ ನಾರುನಾರನ್ನೂ ಬೆರಳಿನಲ್ಲಿ ತಡವಿ ನೋಡಿದ. ಅವನ ಹಣೆಯ ಮೇಲೆ ಬೆವರು ಕಿತ್ತುಕೊಂಡಿತ್ತು.

‘ಹೊಲಿಗೆ...’ ಎಂದ. ‘ಹೊಲಿಗೆನೂ ಸರಿಯಾಗೇ ಅದೆ ಸಾರ್. ದೋಷ ಇಲ್ಲ.’ ಹೇಳಿ, ನನ್ನ ಕಡೆ ನೋಡಲಾರದೆ ಕೂತ.

ಕೊನೆಯ ಸರದಿ ನನ್ನದು. ಮೊದಲು ನನಗೆ ಬಂದದ್ದು ಹೊಟ್ಟೆಕಿಚ್ಚು, ಅದನ್ನು ಮುಚ್ಚಿಡುವುದಿಲ್ಲ. ಆರು ಕೆಜಿ ಲೆನ್ಸ್ ಹೊತ್ತು ಮೂವತ್ತನಾಲ್ಕು ಸಲ ನನ್ನಿಂದ ಆಗದ್ದನ್ನು ಅವಳು ಒಂದು ಸಲ ಒತ್ತಿ ಮಾಡಿದ್ದಳು. ಆಮೇಲೆ ಹೆದರಿಕೆಯಾಯಿತು. ವಾರಿಜ ಗಡಿಯಾರದ ಕೆಳಗೆ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಮದುವೆಯಾಗಿ ಮೂವತ್ತು ವರ್ಷಕ್ಕೆ ಮೊದಲ ಬಾರಿ ಅವಳು, ನನ್ನ ಬಾಯಿಂದ ಒಂದು ದೋಷ ಬರಲಿ ಎಂದು ಕಾಯುತ್ತಿದ್ದಳು. ಏನಾದ್ರೂ ಹೇಳ್ರೀ ಎಂದು ಅವಳ ಕಣ್ಣು ಬೇಡುತ್ತಿತ್ತು. ನಾನು ಬಾಲ ನೋಡಿದೆ, ಉಗುರು ನೋಡಿದೆ, ಕೊಕ್ಕಿನ ತುದಿಯಿಂದ ಜೇಡನ ಕಾಲಿನವರೆಗೆ ಬೆರಳಳತೆ ಹಿಡಿದು ನೋಡಿದೆ. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತ್ತು. ಸುಳ್ಳು ಹೇಳಿದರೆ ಹಕ್ಕಿ ಉಳಿಯುವುದಿಲ್ಲ.

‘ಮೌಳಿ ಸಾರ್, ನಿರ್ದೋಷ ಅಂತ ಬರ್ಕೊಳ್ಳಲಾ?’ ಪ್ರಫುಲ್ಲಚಂದ್ರ ಪೆನ್ನಿನ ಮುಚ್ಚಳ ತೆಗೆದ.

‘ತಡಿಯಪ್ಪ. ಕಣ್ಣು ದೊಡ್ಡದು ಮಾಡು.’

‘ಕಣ್ಣಲ್ಲಿ ಹೊಳಪಿದೆ ಸಾರ್.’

‘ಇದೆ. ಇನ್ನೂ ದೊಡ್ಡದು ಮಾಡು.’

ಸಾಸಿವೆ ಕಾಳಿನಷ್ಟು ಕಣ್ಣು ಪರದೆಯ ತುಂಬ ಬಂತು. ಕಪ್ಪು ಗುಂಡಿನ ಮೇಲೆ ನಮ್ಮ ಹಿತ್ತಲೇ ಇತ್ತು. ನಡುವೆ ಮೊಬೈಲ್ ಎತ್ತಿ ಹಿಡಿದ ವಾರಿಜ. ಫೋಟೊ ತೆಗೆಯುವವರು ಹಕ್ಕಿಯ ಕಣ್ಣಿನಲ್ಲಿ ಮೂಡುವುದು ತಪ್ಪಲ್ಲ, ಅದು ನಿಯಮಾವಳಿಯಲ್ಲೇ ಇದೆ. ಆದರೆ ಅವಳ ಭುಜದ ಹಿಂದೆ ಇನ್ನೊಂದು ಆಕೃತಿ ಇತ್ತು. ಬೋಳುತಲೆ, ಕಂಕುಳಲ್ಲಿ ಹರಿದ ಬನಿಯನ್ನು, ಹೆಗಲ ಮೇಲೆ ಟವೆಲ್ಲು, ಒಂದು ಬೆರಳು ಮೇಲೆತ್ತಿ, ಬಾಯಿ ತೆರೆದುಕೊಂಡು ಏನೋ ತಿದ್ದುತ್ತಿತ್ತು. ಆ ಬಾಯಿ ಮರಿಗಳ ಬಾಯಿಗಿಂತ ಅಗಲವಾಗಿ ತೆರೆದಿತ್ತು.

ನಾನು ಎದ್ದು ನಿಂತೆ. ‘ದೋಷವಿದೆ. ನಾಲ್ಕನೇ ನಿಯಮ. ಚಿತ್ರಕ್ಕೆ ಸಂಬಂಧವಿಲ್ಲದ ವಸ್ತು ಚೌಕಟ್ಟಿನೊಳಗೆ ಇದೆ.’

‘ಎಲ್ಲಿ ಸಾರ್?’

‘ಅಗೋ, ಆ ಬನಿಯನ್ನು. ನಾನು.’

ಎಲ್ಲರೂ ಪರದೆಯ ಕಡೆ ಬಗ್ಗಿ ನೋಡಿದರು. ಆಮೇಲೆ ದಸ್ತಗೀರ್ ನಕ್ಕ ನಗೆಗೆ ಕೆಳಗಿನ ಗಿರಣಿಯ ತಗಡುಗಳು ಅದುರಿದವು. ಎಲ್ಲರೂ ನಕ್ಕರು. ಪ್ರಫುಲ್ಲಚಂದ್ರ ಮಾತ್ರ ನಗಲಿಲ್ಲ. ‘ಇಷ್ಟು ಸಣ್ಣದು ಯಾರಿಗೆ ಕಾಣ್ಸುತ್ತೆ ಸಾರ್? ಒಬ್ಬ ಹೆಣ್ಮಗಳ ಮನಸ್ಸು ನೋಯಿಸಿದ್ರಿ. ಮೂರನೇ ಎಚ್ಚರಿಕೆ,’ ಎಂದು, ಸದಸ್ಯರ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೀಟು ಹಾಕಿದ. ಮನಸ್ಸು ನೊಂದಿದ್ದ ಹೆಣ್ಮಗಳು ಗಡಿಯಾರದ ಕೆಳಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು.

ಮೆಟ್ಟಿಲಿಳಿಯುವಾಗ ಮುಕುಂದರಾಯರು ಹಿಂದೆ ಬಂದು ನನ್ನ ತೋಳು ಹಿಡಿದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಕೇಳಿದರು.

‘ಮೌಳಿ, ನನ್ನ ಮಡಿವಾಳದ ಫೋಟೊ ಒಂದ್ಸಲ ನೋಡ್ತೀಯೇನಪ್ಪ? ಮೂವತ್ತು ವರ್ಷದಿಂದ ಹುಡುಕ್ತಾ ಇದೀನಿ, ನನ್ನ ಕಣ್ಣಿಗೆ ಏನೂ ಕಾಣಲ್ಲ. ನಿಂಗೆ ಸಿಕ್ಕಿದ್ರೂ ಸಿಗಬಹುದು.’

ಮಂಗಳವಾರ ಬರುತ್ತೇನೆ ಎಂದೆ. ಸಿಕ್ಕರೂ ಈಗ ಏನಾಗುತ್ತದೋ ನನಗೆ ಗೊತ್ತಿಲ್ಲ, ಆದರೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನಾನೂ ವಾರಿಜಳೂ ಹಿತ್ತಲ ಬಾಗಿಲಲ್ಲಿ ನಿಂತಿದ್ದೆವು. ತಾಯಿ ಸೂರಕ್ಕಿ ಬಂತು, ಗೂಡಿನ ಬಾಯಿಗೆ ಜೋತುಬಿದ್ದು ಮರಿಗಳಿಗೆ ಏನೋ ತುರುಕಿತು, ಒಳಗೆ ಹೋಗಿ ಮುದುಡಿ ಕೂತಿತು. ಕೊಕ್ಕು ಮಾತ್ರ ಹೊರಗೆ ಕಾಣುತ್ತಿತ್ತು. ನನ್ನ ಎದೆಯ ಮೇಲಿಂದ ಒಗೆಯುವ ಕಲ್ಲು ಇಳಿಸಿದಂತಾಯಿತು.

‘ಮಗೂಗೆ ಕೆನ್ನೆ ಮೇಲೆ ಕಪ್ಪು ಇಡ್ತಾರಲ್ಲ, ದೃಷ್ಟಿಬೊಟ್ಟು,’ ಎಂದಳು ವಾರಿಜ. ‘ನೀವು ಅದೇ. ಇಷ್ಟು ವರ್ಷ ನಂಗೆ ಗೊತ್ತಾಗ್ಲಿಲ್ಲ ನೋಡಿ.’

‘ಫೋಟೊ ಚೆನ್ನಾಗಿತ್ತು ಕಣೆ,’ ಎಂದೆ.

‘ಶ್!’ ಎಂದು ಗಾಬರಿಯಿಂದ ಗೂಡಿನ ಕಡೆ ನೋಡಿದಳು.

ಊಟಕ್ಕೆ ಕೂತೆವು. ಸಾರು ಬಡಿಸಿ, ಯಾವತ್ತೂ ಇಲ್ಲದ್ದು, ಎದುರಿಗೇ ಕೂತು ಹೇಗಿದೆ ಎಂದು ಕೇಳಿದಳು. ನಾನು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದೆ. ಉಪ್ಪು, ಹುಳಿ, ಖಾರ, ಒಂದಕ್ಕೊಂದು ಹದವಾಗಿ ಕೂತಿದ್ದವು, ಇಂಗು ಎಷ್ಟು ಬೇಕೋ ಅಷ್ಟು. ಬಹುಶಃ ಇಷ್ಟು ವರ್ಷವೂ ಹಾಗೇ ಇತ್ತೇನೋ. ನಾಲಗೆಯ ತುದಿಗೆ ‘ದೋಷವಿಲ್ಲ’ ಎಂಬ ಮಾತು ಬಂತು. ಕಣ್ಣು ತೆರೆದರೆ ಅವಳು ದೀಪದ ಬೆಳಕಿನಲ್ಲಿ, ಬಾಡಿದ ಕನಕಾಂಬರ ಮುಡಿದು, ನನ್ನ ಬಾಯನ್ನೇ ನೋಡುತ್ತ ಕೂತಿದ್ದಳು. ನಮ್ಮೂರಿನಲ್ಲಿ ಅಂಥ ಮಾತನ್ನು ಹಾಗೆಲ್ಲ ಆಡಿಬಿಡುವಂತಿಲ್ಲ.

‘ಉಪ್ಪು ಒಂದು ಹರಳು ಕಡಿಮೆ,’ ಎಂದೆ.

‘ಸದ್ಯ!’ ಎಂದು ವಾರಿಜ ನಗುತ್ತ ಇನ್ನೊಂದು ಸೌಟು ಬಡಿಸಿದಳು.